ಡಿಸ್ಕಿನಲ್ಲಿ ಹಿಡಿಸದ ಹೊಗಳಿಕೆ

ಕಡೂರಿನಲ್ಲಿ 'ಕಂಪ್ಯೂಟರ್ ಬಲ್ಲ ಅಳಿಯ' ಎಂಬ ಬಿರುದನ್ನು ನನಗೆ ಯಾರೂ ಕೊಟ್ಟದ್ದಲ್ಲ. ನಾನೇ ಶ್ರಮಪಟ್ಟು ಹಬ್ಬಿಸಿಕೊಂಡದ್ದು! ಹೀಗಾಗಿ ನಾದಿನಿಯ ಮದುವೆಗೆ ಬೀಗರ ಹಾಡನ್ನು ಡಿಸ್ಕಿಗೆ ಇಳಿಸುವ ಮಹತ್ಕಾರ್ಯವನ್ನೂ ನಾನೇ ಮೈಮೇಲೆ ಎಳೆದುಕೊಂಡೆ.

ಯಗಟಿಯ ನಮ್ಮ ಅತ್ತೆ ಬೀಗರ ಹಾಡಿಗೆ ಹೆಸರಾದವರು. ಮೊದಲು ಗಂಡಿನ ಕಡೆಯವರನ್ನು ಚೆನ್ನಾಗಿ ಹಂಗಿಸುವುದು, ಕೊನೆಗೆ ಬಾಯ್ತುಂಬ ಹೊಗಳಿ ಹರಸುವುದು ಪದ್ಧತಿ. ಆದರೆ ಈ ಸಲ ಮದುವೆ ಅವರ ಮಗಳದ್ದೇ, ಹಾಡಲು ಪುರುಸೊತ್ತೆಲ್ಲಿ? ಅದಕ್ಕೇ ಮೊದಲೇ ಹಾಡಿಸಿ ರೆಕಾರ್ಡ್ ಮಾಡಿಕೊಂಡೆ. ಮದುವೆ ಛತ್ರದ ಹಳೇ ಮೈಕ್ ಸೆಟ್ಟಿಗೆ ಡಿಸ್ಕೇ ಗತಿ.

"ಎಲ್ಲಾ ಹಾಡೂ ಒಂದರಲ್ಲೇ ಹಿಡಿಸ್ತವೇನ್ರೀ?" ಎಂದಳು ಹೆಂಡತಿ ಗಿರಿಜೆ.

"ಲೇ, ಎಂಪಿತ್ರೀ ಕಣೇ! ನೂರೈವತ್ತು ಹಾಡು ತುಂಬಿದ್ರೂ ಜಾಗ ಉಳೀತದೆ!"

ಮದುವೆಯ ದಿನ ತರೀಕೆರೆ ಛತ್ರದ ಸೆಟ್ಟು ನನ್ನ ಡಿಸ್ಕನ್ನು ನುಂಗಿತು, ಗರಗರ ಎಂದಿತು, ಉಗಿಯಿತು!

"ಇದಕ್ಕೆ ಎಂಪಿತ್ರೀ ಆಗಲ್ಲ ಸಾರ್, ಆಡಿಯೋ ಸಿಡೀನೇ ಬೇಕು" ಎಂದರು ಮೈಕಿನ ರಫೀಕ್.

ಅದೇ ಹಾಡುಗಳನ್ನು ಆಡಿಯೋ ಸಿಡಿಗೆ ಇಳಿಸಲು ಪಕ್ಕದ ಫೋಟೋ ಸ್ಟುಡಿಯೋಕ್ಕೆ ಓಡಿದೆ. ಎಂಪಿತ್ರೀಯಲ್ಲಿ ಹಾಡುಗಳು ಮುದುರಿಕೊಂಡು ಕೂರುತ್ತವೆ. ಆಡಿಯೋ ಸಿಡಿಯಲ್ಲಿ ಕಾಲು ಚಾಚಿ ಮಲಗುತ್ತವೆ, ಎಂಬತ್ತು ನಿಮಿಷಕ್ಕೆ ಡಿಸ್ಕು ಭರ್ತಿ. ಇದೆಲ್ಲ ಈಗ ಗೊತ್ತು. ಆಗ ಕಂಪ್ಯೂಟರು ಇಂಗ್ಲಿಷಿನಲ್ಲಿ ಏನೋ ಕೇಳಿತು. ಬಲ್ಲವರು ಅದನ್ನೆಲ್ಲ ಓದುವುದಿಲ್ಲ. ಓಕೆ ಒತ್ತಿದೆ!

ಅಜ್ಜಂಪುರದ ಬೀಗರು ಬಸ್ಸಿಳಿಯುತ್ತಲೇ ಅತ್ತೆಯ ದನಿ ಮೊಳಗಿತು: "ಅಜ್ಜಂಪುರದ ಬೀಗರಿಗೆ ಹಂಡೆ ಪಾಯಸ ಸಾಲದಂತೆ, ತಳವ ಕೆರೆದು ತಿಂದರಂತೆ..." ಹಿರಿಯ ಬೀಗರಾದ ರುದ್ರಪ್ಪನವರು ಹೊಟ್ಟೆ ಕುಣಿಸಿ ನಕ್ಕರು. ಮೂಗಿನ ಹಾಡು ಬಂತು, ಜಿಪುಣತನದ ಹಾಡು ಬಂತು. ನಗುತ್ತಲೇ ಎಲೆಗೆ ಕೂತರು, ಇನ್ನೇನು ಹೊಗಳಿಕೆ ಬರುತ್ತದೆಂದು ಕಾದರು. ಡಿಸ್ಕು ಮುಗಿಯಿತು. ಕೊನೆಯಲ್ಲಿದ್ದ ಹೊಗಳಿಕೆಯ ಹಾಡುಗಳು ಅದರಲ್ಲಿ ಹಿಡಿಸಿರಲೇ ಇಲ್ಲ, ಬಿಟ್ಟುಬಿಡಲೇ ಎಂದು ಕಂಪ್ಯೂಟರು ಕೇಳಿದ್ದು ಅವನ್ನೇ!

ಹಾಡು ನಿಲ್ಲದಿರಲಿ ಎಂದು ರಿಪೀಟ್ ಒತ್ತಿಸಿದ್ದವನೂ ನಾನೇ! ರುದ್ರಪ್ಪನವರು ಪಾಯಸಕ್ಕೆ ಕೈ ಹಾಕಿದರು. "ಅಜ್ಜಂಪುರದ ಬೀಗರಿಗೆ ಹಂಡೆ ಪಾಯಸ..."

ಕೈ ಹಾಗೇ ನಿಂತಿತು. "ಏನ್ರೀ ಅಳಿಯಂದಿರೇ, ಹೊಗಳೋಕೆ ನಮ್ಮಲ್ಲಿ ಏನೂ ಸಿಗಲಿಲ್ವಾ?"

"ಸ್ವಾಮಿ, ಹೊಗಳೋಕೆ ಜಾಗ ಸಾಲಲಿಲ್ಲ!"

"ಬೈಯೋಕೆ ಮಾತ್ರ ಸಾಕಾಯ್ತಾ?"

ಅವರು ಎದ್ದರು. ಗಂಡಿನ ಕಡೆಯ ಸಾಲಿಗೆ ಸಾಲೇ ಎದ್ದಿತು. ನಾದಿನಿಯ ಮುಖ ಬಿಳಿಚಿಕೊಂಡಿತು. ಮದುವೆ ಮನೆಯಲ್ಲಿ ಬೀಗರು ಅರ್ಧ ಊಟಕ್ಕೆ ಎದ್ದರೆ ಆ ಹುಡುಗಿ ಜೀವಮಾನವಿಡೀ ಅದನ್ನು ಕೇಳಿಸಿಕೊಳ್ಳಬೇಕು.

ಅಷ್ಟರಲ್ಲಿ ಅತ್ತೆ ಸೌಟು ಹಿಡಿದೇ ಅಡುಗೆಮನೆಯಿಂದ ಬಂದರು. "ಆ ತಟ್ಟೆ ನಿಲ್ಸಪ್ಪಾ ರಫೀಕಾ!" ಎಂದವರೇ ಬೀಗರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಹಾಡಿ ಹೊಗಳಿದರು. ರುದ್ರಪ್ಪನವರು ಕೂತರು. ಆದರೂ ಅತ್ತೆಗೆ ಯಾರನ್ನಾದರೂ ಹಂಗಿಸದೆ ಸಮಾಧಾನವಿಲ್ಲ. ನಿಂತಲ್ಲೇ ಹೊಸ ಪದ ಕಟ್ಟಿದರು:

"ಕಡೂರಿನ ನಮ್ಮಳಿಯ ಕಂಪ್ಯೂಟ್ರು ಬಲ್ಲೋನು,
ತಟ್ಟೆ ತುಂಬ ಬೈಗುಳ, ತಲೆ ತುಂಬ ಗಾಳಿ!"

ಎರಡೂ ಕಡೆಯವರು ಒಟ್ಟಿಗೇ ನಕ್ಕರು. ರುದ್ರಪ್ಪನವರು ಇನ್ನೊಂದು ಸಲ ಹಾಡಿಸಿ, ಇನ್ನೊಂದು ಲೋಟ ಪಾಯಸ ಹಾಕಿಸಿಕೊಂಡರು.

ಗಿರಿಜೆ ಅದನ್ನು ರೆಕಾರ್ಡ್ ಮಾಡಿಕೊಂಡಿದ್ದಾಳೆ. ಈಗ ನೆಂಟರ ಯಾವ ಮದುವೆಯಲ್ಲೂ ಅದೇ ಹಾಡು. ಎರಡೇ ಸಾಲು ನೋಡಿ, ಯಾವ ಡಿಸ್ಕಿನಲ್ಲಾದರೂ ಹಿಡಿಸುತ್ತದೆ!