ಜೇಡದ ಕುಲಗೋತ್ರ

‘ಗೊತ್ತಿಲ್ಲ’ ಎಂದು ಹೇಳುವುದು ನನಗೆ ಮೊದಲಿನಿಂದಲೂ ಕಷ್ಟ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವನು ನಾನು. ಪ್ರಶ್ನೆ ಮುಗಿಯುವುದರೊಳಗೆ ಉತ್ತರ ಕೊಟ್ಟು ಅಭ್ಯಾಸ. ಗಿರಿನಗರದ ನಮ್ಮ ಬೀದಿಯಲ್ಲಿ ಯಾರಾದರೂ ವಿಳಾಸ ಕೇಳಿದರೆ, ತಿಳಿಯದಿದ್ದರೂ ಎಡಕ್ಕೆ ಕೈ ತೋರಿಸಿಬಿಡುತ್ತೇನೆ. ಹಾಗೆ ಹೋದವರು ಯಾರೂ ವಾಪಸ್ ಬಂದು ದೂರು ಹೇಳಿಲ್ಲವಾದ್ದರಿಂದ ನನ್ನ ಆತ್ಮವಿಶ್ವಾಸಕ್ಕೆ ಧಕ್ಕೆಯಾಗಿರಲಿಲ್ಲ. ಅದನ್ನು ಅಲ್ಲಾಡಿಸಿದ್ದು ಒಂದು ಜೇಡ.

ಮಗಳು ನಿಧಿ ಜೆ.ಪಿ. ನಗರದಲ್ಲಿ ಪ್ರಾಣಿಗಳ ಡಾಕ್ಟರು. ಊರು ಬಿಟ್ಟು ಹೋಗುವವರೊಬ್ಬರು ತಾವು ಸಾಕಿದ್ದ ಟರಾಂಟುಲಾವನ್ನು ಅವಳ ಕ್ಲಿನಿಕ್ಕಿಗೆ ಒಪ್ಪಿಸಿ ಹೋದರಂತೆ. ಅಂಗೈಯಗಲದ, ಮೈತುಂಬ ಕೂದಲಿನ ಜೇಡ. ಗಾಜಿನ ಡಬ್ಬದ ಸಮೇತ ಮನೆಗೆ ತಂದು ಹಿಂದಿನ ಕೋಣೆಯಲ್ಲಿಟ್ಟಳು. “ಯಾವ ಜಾತಿ ಅಂತ ಅವರಿಗೂ ಗೊತ್ತಿಲ್ವಂತೆ ಅಪ್ಪ. ಕೆಲವು ಮರದ ಮೇಲಿರ್ತವೆ, ಕೆಲವು ನೆಲದಲ್ಲಿ. ಅದು ತಿಳೀದೆ ಸಾಕಿದ್ರೆ ಸತ್ತೇ ಹೋಗ್ಬಹುದು” ಎಂದಳು. ನನ್ನ ಹೆಂಡತಿ ಸರೋಜ ದೂರದಿಂದಲೇ ನೋಡಿ, “ವಾರಕ್ಕೊಂದ್ಸಲ ಕೋಲಿಗೆ ಪೊರಕೆ ಕಟ್ಟಿ ನಾನು ಹೊರಗೆ ಹಾಕ್ತಿರೋದು ಏನನ್ನ?” ಎಂದು ಕೇಳಿ, ಆ ಕೋಣೆಗೆ ಕಾಲಿಡುವುದನ್ನೇ ನಿಲ್ಲಿಸಿದಳು.

ಜಾತಿ ಕಂಡುಹಿಡಿಯುವ ಹೊಣೆ ನಾನೇ ಹೊತ್ತೆ. ಫೋಟೊ ತೆಗೆದು ಜೇಡ ಸಾಕುವವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಒಬ್ಬರು ಬ್ರೆಜಿಲ್ಲಿನದು ಎಂದರು, ಇನ್ನೊಬ್ಬರು ಮೆಕ್ಸಿಕೊ ಎಂದರು, ಮೂರನೆಯವರು “ನಿಮ್ಮ ಹೆಬ್ಬೆರಳು ಬಿಟ್ಟು ಬೇರೇನೂ ಕಾಣ್ತಿಲ್ಲ ಸಾರ್” ಎಂದರು. ಕೊನೆಗೆ ನನ್ನ ಭೂಗೋಳವನ್ನೇ ನಂಬಿ, ಇದು ಮಳೆಕಾಡಿನ ಮರದ ಜೇಡ ಎಂದು ತೀರ್ಪು ಕೊಟ್ಟೆ. ಹಿತ್ತಲಿನ ಸೀಬೆಮರದ ಕೊಂಬೆ ಕಡಿದು ಡಬ್ಬದಲ್ಲಿ ನೆಟ್ಟೆ, ದಿನಕ್ಕೆರಡು ಸಲ ನೀರು ಚಿಮುಕಿಸಿದೆ. “ಇನ್ನೂ ಖಚಿತ ಆಗಿಲ್ಲ ಅಪ್ಪ, ಅಷ್ಟು ನೀರು ಬೇಡ” ಎಂದ ಮಗಳಿಗೆ, “ನೀನು ನಾಯಿ, ಬೆಕ್ಕು ನೋಡ್ಕೊ” ಎಂದೆ. ಜೇಡ ಕೊಂಬೆ ಹತ್ತಲಿಲ್ಲ. ಒಣಗಿದ್ದ ಒಂದೇ ಮೂಲೆಯಲ್ಲಿ ಮುದುಡಿ ಕೂತಿತು. ಮಿಡತೆ ಹಾಕಿದರೆ ತಿರುಗಿಯೂ ನೋಡಲಿಲ್ಲ.

ಮೂರನೆಯ ವಾರ ಒಂದು ಬೆಳಿಗ್ಗೆ ನೋಡುತ್ತೇನೆ, ಅಂಗಾತ ಬಿದ್ದಿದೆ, ಎಂಟೂ ಕಾಲು ಮೇಲೆ. ಬಾಯಿಲ್ಲದ ಜೀವವನ್ನು ನನ್ನ ಪಾಂಡಿತ್ಯದಲ್ಲಿ ಮುಳುಗಿಸಿ ಕೊಂದೆನಲ್ಲ ಎನಿಸಿತು. ಕರಿಬೇವಿನ ಗಿಡದ ಬುಡದಲ್ಲಿ ಗುಂಡಿ ತೋಡಲು ಹೊರಟವನನ್ನು ಸರೋಜ ತಡೆದಳು: “ಮೊದ್ಲು ಮಗಳಿಗೊಂದು ಫೋನ್ ಮಾಡಿ.”

ನಿಧಿ ಕ್ಲಿನಿಕ್ಕಿನಲ್ಲಿದ್ದಳು. “ಮುಟ್ಬೇಡ ಅಪ್ಪ. ಸತ್ತಿಲ್ಲ, ಪೊರೆ ಬಿಡ್ತಿದೆ. ಅದಕ್ಕೇ ಊಟ ಬಿಟ್ಟಿತ್ತು. ಡಬ್ಬ ಅಲ್ಲಾಡಿಸದೆ ಸುಮ್ನಿರು” ಎಂದಳು.

ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿಗೆ ಸರೋಜ ತಾನೇ ಸ್ಟೂಲು ತಂದು ಪಕ್ಕದಲ್ಲಿ ಕೂತಳು. ಹಳೆಯ ಮೈಯಿಂದ ಹೊಸ ಕಾಲುಗಳು ಒಂದೊಂದಾಗಿ, ನಿಧಾನವಾಗಿ ಈಚೆ ಬಂದವು. “ಪಾಪ, ಹೆರಿಗೆ ಥರಾನೇ ಕಷ್ಟಪಡ್ತಿದೆ” ಎಂದಳು ಮೆಲ್ಲಗೆ. ಮಧ್ಯಾಹ್ನವಾದರೂ ಒಲೆ ಹಚ್ಚಿರಲಿಲ್ಲ.

ಕಳಚಿದ ಪೊರೆಯನ್ನೂ ಹೊಸ ಫೋಟೊಗಳನ್ನೂ ಹಿಡಿದು ಮಾರನೆಯ ದಿನ ಮೂವರೂ ಹನುಮಂತನಗರದಲ್ಲಿರುವ, ನಿಧಿಗೆ ಗೊತ್ತಿದ್ದ ಪ್ರಾಣಿಶಾಸ್ತ್ರದ ಮೇಡಂ ಮನೆಗೆ ಹೋದೆವು. ಅವರು ಪೊರೆಯನ್ನು ನೀರಿನಲ್ಲಿ ನೆನೆಸಿ, ಬಿಡಿಸಿ, ಸೂಕ್ಷ್ಮದರ್ಶಕದಡಿ ನೋಡಿದರು. “ಹೆಣ್ಣು. ಫೋಟೊದಲ್ಲಿ ಹೊಸ ಕೂದಲು ಹೇಗೆ ಗುಂಗುರಾಗಿದೆ ನೋಡಿ. ಇದನ್ನ ಕರ್ಲಿ ಹೇರ್ ಅಂತಾರೆ, ಮಧ್ಯ ಅಮೆರಿಕದ್ದು. ನೆಲದಲ್ಲೇ ಇರೋದು ಸಾರ್. ಆ ಕೊಂಬೆ ಯಾರು ಇಟ್ಟಿದ್ದು?”

ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಸರೋಜ ಕೇಳಿದಳು: “ಎಷ್ಟು ವರ್ಷ ಬದುಕುತ್ತೆ ಮೇಡಂ?”

“ಚೆನ್ನಾಗಿ ನೋಡ್ಕೊಂಡ್ರೆ ಇನ್ನೂ ಇಪ್ಪತ್ತು ವರ್ಷ ಇರ್ಬಹುದು.”

ಆಟೋದಲ್ಲಿ ಸರೋಜ ಬೆರಳು ಮಡಚತೊಡಗಿದಳು. ನನಗೀಗ ಅರವತ್ತನಾಲ್ಕು, ಅವಳು ಮನಸ್ಸಿನಲ್ಲೇ ಏನೋ ಕೂಡುತ್ತಿದ್ದಳು. ಅಂದಿನಿಂದಲೇ ನನ್ನ ತಟ್ಟೆಯಿಂದ ಉಪ್ಪಿನಕಾಯಿ, ಹಪ್ಪಳ, ತುಪ್ಪ ಮೂರೂ ಮಾಯವಾದವು. ಕೇಳಿದ್ದಕ್ಕೆ, “ಅದನ್ನ ಬಿಟ್ಟು ನೀವು ಮೊದ್ಲು ಹೋದ್ರೆ ಮಿಡತೆ ಹಾಕೋರು ಯಾರು?” ಎಂದಳು. ನನ್ನ ಆಯುಸ್ಸಿನ ಬಗ್ಗೆ ಈ ಮನೆಯಲ್ಲಿ ಇಷ್ಟು ಕಾಳಜಿ ಹುಟ್ಟಿದ್ದು ಇದೇ ಮೊದಲು.

ಹತ್ತು ದಿನ ಕಳೆದು, ಒಣ ಮಣ್ಣಿನ ಮೇಲೆ, ಜೇಡ ಮೊದಲ ಮಿಡತೆ ಹಿಡಿಯಿತು. ನಾನು ಎದುರಿಗೆ ಕೂತು ಸಪ್ಪೆ ಸಾರನ್ನ ಉಣ್ಣುತ್ತಿದ್ದೆ. ನಮ್ಮಿಬ್ಬರಲ್ಲಿ ಊಟ ರುಚಿಸುತ್ತಿದ್ದದ್ದು ಯಾರಿಗೆ ಎಂದು ಗುರುತಿಸಲು ತಜ್ಞರು ಬೇಕಿರಲಿಲ್ಲ.