ಒಂದು ಗಂಟಲಿಗೆ ಐದು ಉಡಿ

ಕಂಪ್ಯೂಟರಿನಿಂದ ಆಗದ ಕೆಲಸ ಈ ಭೂಮಂಡಲದಲ್ಲಿ ಯಾವುದೂ ಇಲ್ಲ ಎಂದು ನಾನು ಹೆಂಡತಿಯ ಮುಂದೆ ಎದೆ ತಟ್ಟಿ ಹೇಳಿದ್ದು ಒಂದು ಬುಧವಾರ. ಮುಂದಿನ ಸೋಮವಾರದ ಹೊತ್ತಿಗೆ ಅದೇ ಎದೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ಕೂತಿದ್ದೆ! ನಡುವೆ ಆದದ್ದನ್ನೆಲ್ಲ ನಿಮ್ಮ ಮುಂದೆ ಒಪ್ಪಿಸಿಬಿಡುತ್ತೇನೆ. ನಗುವುದಿದ್ದರೆ ನಕ್ಕುಬಿಡಿ, ನನಗೀಗ ರೂಢಿಯಾಗಿದೆ.

ನಾನು ಗುರುಶಾಂತ. ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಮನೆ, ಮನೆಯ ಮುಂದಿನ ಕೋಣೆಯಲ್ಲಿ ನನ್ನ ರೆಕಾರ್ಡಿಂಗ್ ಸ್ಟುಡಿಯೋ. ಸ್ಟುಡಿಯೋ ಎಂದರೆ ಒಂದು ಲ್ಯಾಪ್‌ಟಾಪು, ಒಂದು ಮೈಕು, ಗೋಡೆಗೆ ಮೊಳೆ ಹೊಡೆದ ನಾಲ್ಕು ಕಂಬಳಿ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಉಳ್ಳಾಗಡ್ಡಿ ಮಾರುವ ಆಟೋಗಳಲ್ಲಿ ಕೂಗುವ ದನಿ ಇದೆಯಲ್ಲ, ಅದು ನನ್ನದೇ. ನಾನು ಒಂದು ಸಲ ಕೂಗಿದರೆ ಐದು ತಾಲ್ಲೂಕಿನ ಹೆಣ್ಣುಮಕ್ಕಳು ಚೀಲ ಹಿಡಿದು ಬಾಗಿಲಿಗೆ ಬರುತ್ತಾರೆ. ನನ್ನ ಸ್ವಂತ ಮನೆಯಲ್ಲಿ ಮಾತ್ರ ನಾನು ನಾಲ್ಕು ಸಲ ಕೂಗಿದರೂ ಒಂದು ಲೋಟ ಚಹಾ ಬರುವುದಿಲ್ಲ.

ಸಂಕಟ ಶುರುವಾದದ್ದು ತಂಗಿ ಅರ್ಚನಾಳ ಕುಬುಸದಿಂದ, ಅಂದರೆ ಸೀಮಂತದಿಂದ. ಆಕೆಯನ್ನು ಹರಪನಹಳ್ಳಿಗೆ ಕೊಟ್ಟಿದ್ದೇವೆ. ಏಳು ತಿಂಗಳು ತುಂಬಿತ್ತು, ಮುಂದಿನ ವಾರದ ಶುಕ್ರವಾರಕ್ಕೆ ಮುಹೂರ್ತ ಗೊತ್ತಾಯಿತು, ಉಳಿದದ್ದು ಒಂಬತ್ತೇ ದಿನ. ನಮ್ಮ ಕಡೆ ಕುಬುಸಕ್ಕೆ ತವರಿನವರು ಸೀರೆ, ಬುತ್ತಿ ಒಯ್ದರೆ ಮುಗಿಯುವುದಿಲ್ಲ. ಸೋಬಾನೆ ಹಾಡಲು ಐದು ಮಂದಿ ಮುತ್ತೈದೆಯರನ್ನೂ ತವರಿನವರೇ ಕರೆದೊಯ್ಯಬೇಕು. ಅಪ್ಪ ಅವ್ವ ಇಲ್ಲದ ಮನೆ ನಮ್ಮದು. ಆಕೆಗೆ ತವರು ಅಂದರೆ ನಾನು ಮತ್ತು ನನ್ನ ಹೆಂಡತಿ ಸುಕನ್ಯಾ, ಇಷ್ಟೇ. ಹೋದ ವರ್ಷ ಆಕೆಯ ನೆಗೆಣ್ಣಿಯ, ಅಂದರೆ ವಾರಗಿತ್ತಿಯ ಕುಬುಸಕ್ಕೆ ದಾವಣಗೆರೆಯ ತವರಿನವರು ಒಂಬತ್ತು ಮಂದಿ ಹಾಡುವವರನ್ನು ಒಂದೇ ಬಣ್ಣದ ಸೀರೆ ಉಡಿಸಿ ಕರೆತಂದಿದ್ದರಂತೆ.

"ಅಣ್ಣಾ, ನನಗ ಒಂಬತ್ತು ಮಂದಿ ಬ್ಯಾಡ," ಎಂದಳು ಅರ್ಚನಾ ಫೋನಿನಲ್ಲಿ. ದನಿ ಒದ್ದೆಯಾಗಿತ್ತು. "ಐದು ಮಂದೀನಾರ ಕರ್ಕೊಂಡು ಬಾ. ತವರು ಇಲ್ಲದಾಕಿ ಅನ್ನಿಸ್ಕೊಳ್ಳಾಕ ನನ್ನ ಕೈಲೆ ಆಗಂಗಿಲ್ಲ."

ಕರೆತರುತ್ತೇನೆ ಅಂದೆ. ಅಣ್ಣನಾದವನು ಬೇರೇನು ಹೇಳಿಯಾನು! ನೇರ ಗೀತಮ್ಮನ ಮನೆಗೆ ಹೋದೆ. ನಮ್ಮ ಓಣಿಯಲ್ಲಿ ಸೋಬಾನೆ ಮೇಳ ಎಂದರೆ ಗೀತಮ್ಮನದೇ. ಆದರೆ ಆ ಶುಕ್ರವಾರ ಅವರಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಮದುವೆ. ವೀಳ್ಯ ಹಿಡಿದಾಗಿದೆ, ಹಿಡಿದ ವೀಳ್ಯ ಹಿಂದಕ್ಕೆ ಕೊಡುವ ಪದ್ಧತಿ ಅವರಲ್ಲಿ ಇಲ್ಲ. ಉಳಿದವಳು ನನ್ನ ಹೆಂಡತಿ. ನನ್ನ ಅವ್ವನ ಬಾಯಿಂದ ಕೇಳಿ ಕೇಳಿ ಅವಳಿಗೆ ಇಡೀ ಕುಬುಸದ ಹಾಡು ಬರುತ್ತದೆ. ಆದರೆ ಒಂಟಿ ದನಿಯ ಸೋಬಾನೆ ಶುಭವಲ್ಲ ಎಂದು ನಮ್ಮ ಕಡೆ ಒಂದು ನಂಬಿಕೆ. ಆಗಲೇ ನಾನು ಎದೆ ತಟ್ಟಿದ್ದು.

ನನ್ನ ಸಾಫ್ಟ್‌ವೇರಿನಲ್ಲಿ ಕೋರಸ್ ಎಂಬ ಪ್ಲಗಿನ್ ಇದೆ. ಒಂದು ದನಿಯನ್ನು ಅದರ ಬಾಯಿಗೆ ಹಾಕಿದರೆ ನಾಲ್ಕಾರು ನಕಲು ಮಾಡುತ್ತದೆ. ಒಂದೊಂದು ನಕಲನ್ನೂ ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ ಹೊತ್ತು ಹಿಂದೆ ಹಾಕಿ, ಶ್ರುತಿಯನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ತೂಗಿ, ಮೂಲ ದನಿಯ ಜೊತೆ ಬೆರೆಸುತ್ತದೆ. ಕೇಳುವವರಿಗೆ ಗುಂಪು ಹಾಡಿದ ಹಾಗೆ ಅನ್ನಿಸುತ್ತದೆ. ಸೃಷ್ಟಿಕರ್ತನಿಗೆ ಒಂದು ಜೀವ ತಯಾರಿಸಲು ಒಂಬತ್ತು ತಿಂಗಳು ಬೇಕು. ನನಗೆ ನಾಲ್ಕು ಮುತ್ತೈದೆಯರನ್ನು ತಯಾರಿಸಲು ಮೂರು ಗುಂಡಿ ತಿರುವಿದರೆ ಸಾಕು!

"ನಾ ಒಬ್ಬಾಕೀನ ಹಾಡೀನಿ ಅಂತ ಹೇಳಿ ಕಳಸ್ರಿ," ಎಂದಳು ಸುಕನ್ಯಾ, ಕಂಬಳಿಗಳ ನಡುವೆ ಕೂತು. "ಅದರಾಗ ನಾಚಿಕಿ ಏನೈತಿ?"

"ನಿನಗ ತಿಳಿಯಂಗಿಲ್ಲ. ಸುಮ್ನ ಹಾಡು."

ಹಾಡಿದಳು. ಆಮೇಲೆ ನಾನು ಪಕ್ಕದ ಮನೆಯ ಹುಂಜವನ್ನು ತೆಗೆದೆ, ಕುಕ್ಕರಿನ ಮೂರು ಸೀಟಿ ತೆಗೆದೆ, ಬಸ್ ಸ್ಟ್ಯಾಂಡಿನ ಹಾರ್ನುಗಳನ್ನು ಒಂದೊಂದಾಗಿ ಕಿತ್ತುಹಾಕಿದೆ. ಕೋರಸ್ ಹಾಕಿ, ಡೆಪ್ತ್ ಎಂಬ ಗುಂಡಿಯನ್ನು ಧೈರ್ಯವಾಗಿ ಕೊನೆಯವರೆಗೂ ತಿರುವಿದೆ. ಹಾಡು ಅಲ್ಲಾಡತೊಡಗಿತು, ನೀರಿನೊಳಗಿಂದ ಬಂದ ಹಾಗೆ. ಸುಕನ್ಯಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

"ಬಾವ್ಯಾಗ ಬಿದ್ದಾಕೀನ ಮೊದಲು ಮ್ಯಾಲೆ ಎತ್ರಿ," ಎಂದು ಒಳಗೆ ಹೋದಳು.

ಗುಂಡಿಯನ್ನು ಮೆಲ್ಲಗೆ ಹಿಂದಕ್ಕೆ ತಂದೆ. ಅರ್ಧಕ್ಕೆ ಬರುವಷ್ಟರಲ್ಲಿ ಬಾವಿ ಮಾಯವಾಯಿತು. ಕಣ್ಣು ಮುಚ್ಚಿದರೆ ಐದು ಮಂದಿ ಹೆಂಗಸರು ಸಾಲಾಗಿ ಕೂತು ಹಾಡುತ್ತಿದ್ದಾರೆ! ಮನೆಯಲ್ಲಿ ಒಬ್ಬ ಸುಕನ್ಯಾಗೆ ಉತ್ತರ ಕೊಡಲಾಗದ ಗಂಡಸು ಒಂದೇ ತಾಸಿನಲ್ಲಿ ಐವರು ಸುಕನ್ಯಾರನ್ನು ನಿಲ್ಲಿಸಿಬಿಟ್ಟಿದ್ದೆ. ಆ ಖುಷಿಯಲ್ಲಿ ಹಾಡನ್ನು ಬೀಗತಿ ಕಲ್ಯಾಣಮ್ಮನ ಫೋನಿಗೆ ಕಳಿಸಿದೆ.

ಕಲ್ಯಾಣಮ್ಮ ಅಂದರೆ ಅರ್ಚನಾಳ ಅತ್ತೆ. ಬಯ್ಯುವ ಹೆಂಗಸಲ್ಲ, ಮಾತೇ ಕಡಿಮೆ. ಅದೇ ಭಯ. ಬಯ್ಯುವವರು ಎಲ್ಲಿ ನಿಂತಿದ್ದಾರೆಂದು ನಮಗೆ ಗೊತ್ತಿರುತ್ತದೆ, ಸುಮ್ಮನಿರುವವರದು ಗೊತ್ತಾಗುವುದಿಲ್ಲ. ಎರಡು ನೀಲಿ ಗೆರೆ ಬಿದ್ದು ಎರಡು ತಾಸಾದರೂ ಉತ್ತರವಿಲ್ಲ. ನಾನು ಮೂರು ಸಲ ನೀರು ಕುಡಿದೆ. ಆಮೇಲೆ ಫೋನು ಬಂತು.

"ಎಷ್ಟು ಮಂದಿ ಹಾಡ್ಯಾರಪ್ಪ?"

"ಐದು ಮಂದಿರಿ. ನಮ್ಮ ಓಣಿಯವರ. ಶುಕ್ರವಾರ ಅವರಿಗೆ ಬರಾಕ ಆಗಂಗಿಲ್ಲ ಅಂತ ಮೊದ್ಲ ರೆಕಾರ್ಡ್ ಮಾಡೀನಿ."

"ಭಾಳ ಚಲೋ ಐತಿ. ಅವರು ಬರದಿದ್ರ ನಾನ ಸೋಮವಾರ ಅಲ್ಲಿಗೆ ಬರ್ತೀನಿ. ಐದೂ ಮಂದೀದು ಉಡಿ ತುಂಬಬೇಕು. ಸೊಸಿ ಮ್ಯಾಲೆ ಸೋಬಾನಿ ಹಾಡಿದೋರ ಉಡಿ ಬರಿದ ಬಿಟ್ರ ಕೂಸಿಗೆ ಚಲೋ ಅಲ್ಲ."

ಫೋನು ಇಟ್ಟಾಗ ನನ್ನ ಕಿವಿಯೊಳಗೇ ಯಾರೋ ಕೋರಸ್ ಹಾಕಿದಂತಾಗಿತ್ತು. ಉಡಿ ತುಂಬುವುದು ಎಂದರೆ ಸೆರಗು ಬೇಕು. ಸೆರಗಿಗೆ ಅಕ್ಕಿ, ತೆಂಗಿನಕಾಯಿ, ರವಿಕೆಯ ಕಣ ಹಾಕಬೇಕು. ಸೆರಗಿಗೆ ಹೆಂಗಸು ಬೇಕು. ನನ್ನ ನಾಲ್ಕು ಹೆಂಗಸರಿಗೆ ಸೆರಗೇ ಇರಲಿಲ್ಲ, ಇದ್ದದ್ದು ಮೂರು ಗುಂಡಿ!

ನಿಜ ಹೇಳಿಬಿಡೋಣ ಎಂದು ಫೋನು ಎತ್ತಿಕೊಂಡೆ. ಅಷ್ಟರಲ್ಲಿ ಅರ್ಚನಾಳದೇ ಫೋನು. ಅತ್ತೆ ಮನೆಮಂದಿಗೆಲ್ಲ ಹಾಡು ಕೇಳಿಸಿದ್ದಾರಂತೆ, ನೆಗೆಣ್ಣಿ ಬಾಯಿ ತೆರೆಯಲಿಲ್ಲವಂತೆ. ತಂಗಿ ನಗುತ್ತಿದ್ದಳು. ಅವ್ವ ತೀರಿದ ಮೇಲೆ ಆಕೆ ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಈಗ ನಿಜ ಹೇಳಿದರೆ ಆ ನಗು ಅವಳ ಮೇಲೆಯೇ ತಿರುಗಿ ಬೀಳುತ್ತದೆ. ಫೋನು ಕೆಳಗಿಟ್ಟೆ.

"ಈಗೇನು ಮಾಡ್ತೀರಿ?" ಎಂದಳು ಸುಕನ್ಯಾ.

"ನಾಲ್ಕು ಮಂದೀನ ಹುಡುಕ್ತೀನಿ."

"ಹುಡುಕ್ರಿ. ನಾ ಮಾತ್ರ ಸುಳ್ಳು ಹೇಳಾಕಿ ಅಲ್ಲ, ಅದನ್ನ ಈಗ ಹೇಳೀನಿ."

ಮೊದಲು ಗೀತಮ್ಮನ ಕಾಲಿಗೇ ಬಿದ್ದೆ. ಮೇಳದ ಇನ್ನೂ ಮೂವರೊಂದಿಗೆ ಸೋಮವಾರ ಅರ್ಧ ತಾಸು ಬಂದು ಕೂತರೆ ಸಾಕು ಅಂದೆ. ಹಾಡು ಕೇಳಿಸಿದೆ. ಆಕೆ ಪೂರ್ತಿ ಕೇಳಿ, ತಾನು ಹಾಡದ ಹಾಡಿಗೆ ತಾನು ಸೆರಗು ಒಡ್ಡುವವಳಲ್ಲ ಎಂದು ಎದ್ದುಬಿಟ್ಟಳು. ಕಲಾವಿದರ ಹತ್ತಿರ ಇದೇ ತೊಂದರೆ, ಮಾನ ಮರ್ಯಾದೆ ಇರುತ್ತದೆ.

ಆಮೇಲೆ ಪಕ್ಕದ ಮನೆಯ ಕರಿಯಕ್ಕನ ಹತ್ತಿರ ಹೋದೆ. ಹುಂಜದ ಒಡತಿ ಆಕೆಯೇ. ನಾನು ಅರ್ಧ ಹೇಳುವಷ್ಟರಲ್ಲಿ ಒಪ್ಪಿಕೊಂಡಳು. ಇನ್ನೂ ಮೂವರನ್ನು ತಾನೇ ಕರೆತರುತ್ತೇನೆ, ನೀನು ಚಿಂತೆ ಬಿಡು ಅಂದಳು. ಚಿಂತೆ ಬಿಟ್ಟೆ. ನನ್ನ ಜೀವನದಲ್ಲಿ ನಾನು ಮಾಡಿದ ತಪ್ಪುಗಳನ್ನು ಸಾಲಾಗಿ ನಿಲ್ಲಿಸಿದರೆ ಆ ಚಿಂತೆ ಬಿಟ್ಟದ್ದು ಎಲ್ಲಕ್ಕಿಂತ ಎತ್ತರಕ್ಕೆ ಕಾಣುತ್ತದೆ.

ಸೋಮವಾರ ಹತ್ತು ಗಂಟೆಗೆ ಪಡಸಾಲೆಗೆ ಬಂದು ನೋಡಿದರೆ ಹನ್ನೊಂದು ಮಂದಿ! ಹರಪನಹಳ್ಳಿಯವರು ಹಾಡಿದವರಿಗೆ ಉಡಿ ತುಂಬುತ್ತಾರೆ ಎಂಬ ಸುದ್ದಿ ಓಣಿಯ ತುದಿವರೆಗೂ ಹೋಗಿತ್ತು. ನಾನೂ ಹಾಡಿದ್ದೆ ಎಂದು ಪ್ರತಿಯೊಬ್ಬಳೂ ಪಕ್ಕದವಳಿಗೆ ಹೇಳುತ್ತಿದ್ದಳು. ಒಬ್ಬ ಅಜ್ಜಿಯಂತೂ ಅವತ್ತು ಹಾಡಿ ಹಾಡಿ ಇನ್ನೂ ಗಂಟಲು ನೋಯುತ್ತಿದೆ ಅಂದಳು. ಬೇಕಾದದ್ದು ನಾಲ್ಕು. ಉಳಿದ ಏಳು ಮಂದಿಯನ್ನು ಹೊರಗೆ ಕಳಿಸೋಣವೆಂದರೆ ಯಾವ ಏಳು? ಕೈ ಮುಗಿದೆ, ಕರಿಯಕ್ಕನ ಕಿವಿಯಲ್ಲಿ ಬೇಡಿಕೊಂಡೆ. ಯಾರೂ ಏಳಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು.

ಕಲ್ಯಾಣಮ್ಮ ಇಳಿದರು. ಕಾರಿನಿಂದ ಐದು ತೆಂಗಿನಕಾಯಿ, ಅಕ್ಕಿ, ಐದು ಕಣ ಇದ್ದ ದೊಡ್ಡ ಹರಿವಾಣ ಇಳಿಯಿತು. ಅವರು ಪಡಸಾಲೆಯ ಮೇಲೆ ಒಮ್ಮೆ ಕಣ್ಣಾಡಿಸಿದರು. ಎಣಿಸಿದರು ಎಂದು ನನಗೆ ಗೊತ್ತಾಯಿತು.

"ಐದು ಅಂದಿದ್ದಿ."

"ಹಾಡಿದ್ದು ಹನ್ನೊಂದು ಮಂದಿರಿ," ಎಂದಿತು ನನ್ನ ನಾಲಿಗೆ, ನನ್ನನ್ನು ಕೇಳದೆ. "ಮೈಕು ಸಣ್ಣದು. ಐದರಷ್ಟ ಹಿಡಿದೈತಿ."

ಅಡುಗೆಮನೆಯಲ್ಲಿ ಒಂದು ಪಾತ್ರೆ ಜೋರಾಗಿ ಕೆಳಗೆ ಬಿತ್ತು. ಸುಕನ್ಯಾ ನನ್ನ ಉತ್ತರ ಕೇಳಿಸಿಕೊಂಡಿದ್ದಳು.

ಕಲ್ಯಾಣಮ್ಮ ಚಾಪೆಯ ಮೇಲೆ ಕೂತು, ಉಡಿ ತುಂಬುವ ಮೊದಲು ಅದೇ ಹಾಡಿನ ಒಂದು ನುಡಿ ಹಾಡಿರಿ ಅಂದರು, ಬಹಳ ಮೆತ್ತಗೆ. ಹನ್ನೊಂದು ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಕರಿಯಕ್ಕ ಗಂಟಲು ಸರಿಮಾಡಿಕೊಂಡು ಬೀಸುವ ಹಾಡು ಎತ್ತಿದಳು. ಅವಳ ಪಕ್ಕದವಳು ಆರತಿ ಹಾಡು ಹಿಡಿದಳು. ಗಂಟಲು ನೋಯುತ್ತಿದ್ದ ಅಜ್ಜಿ ಜೋಗುಳವನ್ನೇ ಶುರುಮಾಡಿದಳು, ಕೂಸು ಹುಟ್ಟಲು ಇನ್ನೂ ಎರಡು ತಿಂಗಳಿತ್ತು! ಉಳಿದವರು ಯಾವುದು ಹತ್ತಿರವೋ ಅದಕ್ಕೆ ಸೇರಿಕೊಂಡರು. ನಾನು ಗೋಡೆಗೆ ಒರಗಿದೆ. ತಂಗಿಯ ಮುಖ ಕಣ್ಣಮುಂದೆ ಬಂತು. ಮುಗಿಯಿತು, ಆಕೆಯ ತವರನ್ನು ನಾನೇ ಕೈಯಾರೆ ಮುಳುಗಿಸಿದೆ ಅಂದುಕೊಂಡೆ.

ಆಗ ಅಡುಗೆಮನೆಯಿಂದ ಹಾಡು ಬಂತು.

ತವರಿಂದ ತೊಟ್ಟಿಲ ಹಗ್ಗ ಬಂದ ಹಾಡು, ನನ್ನ ಅವ್ವನ ಹಾಡು. ಸುಕನ್ಯಾಗೆ ತಡೆಯಲಾಗಿರಲಿಲ್ಲ. ಒಲೆಯ ಮುಂದೆ ನಿಂತೇ ಎತ್ತಿದ್ದಳು. ಮೈಕಿಲ್ಲ, ಪ್ಲಗಿನ್ನಿಲ್ಲ, ಒಂದೇ ದನಿ. ಹನ್ನೊಂದು ಮಂದಿಯೂ ಸುಮ್ಮನಾದರು. ಕಲ್ಯಾಣಮ್ಮ ಕಣ್ಣು ಮುಚ್ಚಿ ಕೊನೆಯ ನುಡಿಯವರೆಗೂ ಕೇಳಿದರು. ಇಷ್ಟು ವರ್ಷ ಮನೆಯಲ್ಲೇ ಇದ್ದ ದನಿಯನ್ನು ನಾನು ಅವತ್ತೇ ಸರಿಯಾಗಿ ಕೇಳಿದ್ದು.

"ಹೊರಗ ಬಾ ತಂಗಿ," ಎಂದರು ಕಲ್ಯಾಣಮ್ಮ.

ಸುಕನ್ಯಾ ಕೈ ಒರೆಸಿಕೊಳ್ಳುತ್ತ ಬಂದಳು. ನಾನು ಅತ್ತ ನುಗ್ಗಿ, ತಪ್ಪಾಯಿತು, ಎಲ್ಲ ನನ್ನದೇ ಕಿತಾಪತಿ, ತಂಗಿಗೆ ಏನೂ ಗೊತ್ತಿಲ್ಲ ಎಂದು ಒಂದೇ ಉಸಿರಿನಲ್ಲಿ ಒದರಿದೆ.

"ಗೊತ್ತೈತಿ ಬಿಡು," ಎಂದರು ಅವರು. "ಫೋನಿನಾಗ ಕೇಳಿದಾಗ ಗೊತ್ತಾತು. ಐದು ಮಂದಿ ಹಾಡಿದ್ರ ಹಾಡ್ಲಿ. ಮೂರನೇ ನುಡಿಯಾಗ ಐದೂ ಮಂದಿ ಒಂದ ಸಲ ಕೆಮ್ಮಿದ್ರಲ್ಲಪ್ಪ."

ಹುಂಜ ತೆಗೆದಿದ್ದೆ, ಕುಕ್ಕರು ತೆಗೆದಿದ್ದೆ. ಹೆಂಡತಿಯ ಕೆಮ್ಮು ಕಿವಿಗೇ ಬಿದ್ದಿರಲಿಲ್ಲ!

"ಹಂಗಾದ್ರ ಇಲ್ಲೀಮಟ ಯಾಕ ಬಂದ್ರಿ?" ಎಂದು ತೊದಲಿದೆ.

"ಆ ಕೆಮ್ಮಿದಾಕೀನ ನೋಡಾಕ. ಇಂಥಾಕೀನ ಮನ್ಯಾಗ ಇಟ್ಕೊಂಡು, ಇಲ್ಲದ ನಾಲ್ಕು ಮಂದೀನ ಮುಂದ ಮಾಡಿ ಮುಚ್ಚಿಟ್ಟಿಯಲ್ಲೋ."

ಐದೂ ಉಡಿಯನ್ನು ಸುಕನ್ಯಾಳ ಒಂದೇ ಸೆರಗಿಗೆ ಹಾಕಿದರು. ಐದು ಕಾಯಿಯ ಭಾರಕ್ಕೆ ಅವಳು ಬಾಗಿದಳು, ಹಿಡಿಯಲು ಹೋದರೆ ನನ್ನ ಕೈ ಸರಿಸಿದಳು. ಹನ್ನೊಂದು ಮಂದಿಗೂ ಅರಿಶಿನ ಕುಂಕುಮ, ಬಾಳೆಹಣ್ಣು ಸಿಕ್ಕಿತು. ಶುಕ್ರವಾರ ಸುಕನ್ಯಾಳೇ ಬಂದು ಹಾಡಬೇಕು, ಒಂಟಿ ದನಿಯಾದರೂ ಸರಿ ಎಂದು ತೀರ್ಮಾನವಾಯಿತು. ಈ ಸಂಗತಿ ಅರ್ಚನಾಗೆ ಹೇಳಬೇಡಿರೆಂದು ನಾನು ಗೋಗರೆದೆ. ಹುಟ್ಟುವ ಮೊದಲೇ ಕೂಸಿಗೆ ಸೋದರಮಾವ ಎಂಥವನು ಅಂತ ತಿಳಿಯುವುದು ಬೇಡ ಎಂದು ಕಲ್ಯಾಣಮ್ಮನೂ ಒಪ್ಪಿದರು.

ಕಾರು ಹತ್ತುವಾಗ ಕಲ್ಯಾಣಮ್ಮ ನಿಂತರು. ತವರಿನ ಕಡೆಯಿಂದ ಬಡಿಸಲು ಐದು ಮಂದಿ ಗಂಡಸರನ್ನು ಕರೆತಾ ಎಂದು ಹೇಳಬೇಕೆಂದಿದ್ದರಂತೆ. "ಬ್ಯಾಡ ಬಿಡು. ನೀ ಒಬ್ಬನ ಬಾ," ಅಂದರು.

ಶುಕ್ರವಾರ ಸುಕನ್ಯಾ ಹಾಡಿದಳು. ನೆಗೆಣ್ಣಿಯ ತವರಿನ ಆ ದಾವಣಗೆರೆಯವರೇ ಎದ್ದು ಬಂದು ಅವಳ ಪಕ್ಕ ಕೂತರು, ಅರ್ಚನಾ ಅತ್ತು ನಕ್ಕು ಎರಡೂ ಮಾಡಿದಳು. ಅದನ್ನು ನಾನು ಬಾಗಿಲ ಸಂದಿಯಿಂದ ಅರ್ಧ ನಿಮಿಷ ನೋಡಿದೆ, ಅಷ್ಟೇ. ಆಮೇಲೆ ನಾಲ್ಕು ಪಂಕ್ತಿ. ಹೋಳಿಗೆಯ ಬುಟ್ಟಿ ಇಟ್ಟು ತುಪ್ಪ ಹಿಡಿದೆ, ತುಪ್ಪ ಇಟ್ಟು ಸಾರಿನ ಬಕೆಟ್ ಎತ್ತಿದೆ, ಈ ಕಡೆ ಅನ್ನ ಅಂದರೆ ಆ ಕಡೆ ನೀರು. ಮೂರನೆಯ ಪಂಕ್ತಿಯಲ್ಲಿ ನೆಗೆಣ್ಣಿಯ ತಂದೆ ಖಾಲಿ ಎಲೆಯ ಮುಂದೆ ಕೂತು ಸುತ್ತ ನೋಡಿ, ತವರಿನವರು ಬಡಿಸಲು ಯಾರೂ ಬಂದಿಲ್ಲವೇ ಎಂದು ಕೇಳಿದರು. ನಾನು ಸೊಂಟ ಹಿಡಿದುಕೊಂಡು ಅವರ ಹಿಂದೆಯೇ ನಿಂತಿದ್ದೆ.

ಕಲ್ಯಾಣಮ್ಮ ನನ್ನ ಕಡೆ ತಿರುಗಿಯೂ ನೋಡದೆ ಹೇಳಿದರು:

"ಐದು ಮಂದಿ ಬಂದಾರ್ರಿ. ಕಣ್ಣಿಗೆ ಒಬ್ಬನ ಕಾಣ್ತಾನ, ಅಷ್ಟ."