ಮಾವ ಕೊಟ್ಟಿಗೆಗೆ, ಗೂಳಪ್ಪ ನಿವೃತ್ತಿಗೆ

ನಗಬಾರದು ಅಂತ ಹಲ್ಲು ಕಚ್ಚಿಕೊಂಡು ನಿಂತ ಜಾಗದಲ್ಲೇ ನಗು ಬರುವಂಥದ್ದು ನಡೆಯುತ್ತದೆ. ದನದ ಡಾಕ್ಟರಾದ ಮೇಲಂತೂ ನನ್ನ ಹಲ್ಲು ಸವೆದೇ ಹೋಗಿವೆ. ಮನೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ, ಕೆಲಸ ಸಿರುಗುಪ್ಪದ ಕಡೆ. ಬೆಳಿಗ್ಗೆ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು ಬಸ್ಸು ಹತ್ತುತ್ತೇನೆ. ಸಂಜೆ ಮನೆಗೆ ಬಂದರೆ ನಮ್ಮತ್ತೆ ಬಾಗಿಲಲ್ಲೇ ತಡೆದು, "ಮೊದಲ ಬಚ್ಚಲಕ್ಕ ಹೋಗು, ಆಮ್ಯಾಲ ಮಾತಾಡು" ಅನ್ನುತ್ತಾರೆ.

ಈಗ ಹೇಳುವುದೆಲ್ಲ ಒಂದೇ ರೋಗದ ಬೆನ್ನು ಹತ್ತಿ ಓಡಾಡಿದ ದಿನಗಳದ್ದು. ಕಂದು ರೋಗ ಅಂತ ಅದರ ಹೆಸರು. ಗಬ್ಬದ ಆಕಳು ದಿನ ತುಂಬುವ ಮೊದಲೇ ಕರು ಹಾಕಿಬಿಡುತ್ತದೆ; ಹಳ್ಳಿಯವರು ಅದನ್ನೇ ಕಂದು ಹಾಕುವುದು ಅನ್ನುತ್ತಾರೆ. ಎಲ್ಲಾ ಒಂದು ಬ್ಯಾಕ್ಟೀರಿಯಾದ ಕಿತಾಪತಿ. ಒಂದು ಆಕಳಿನಿಂದ ಇನ್ನೊಂದಕ್ಕೆ ಹಬ್ಬುತ್ತದೆ, ಮೈಮರೆತರೆ ಮನುಷ್ಯರಿಗೂ ಹತ್ತುತ್ತದೆ.

ದೇಶನೂರಿನಾಚೆ ಭತ್ತದ ಗದ್ದೆಗಳ ನಡುವೆ ಒಂದು ಸಣ್ಣ ಹಳ್ಳಿ. ಅಲ್ಲಿ ಹಾಲು ಮಾರುವ ಹೆಂಗಸೊಬ್ಬಳನ್ನು ಊರೆಲ್ಲ ಹಾಲಕ್ಕ ಅಂತ ಕರೆಯುತ್ತಿತ್ತು. ಅವಳ ಮೂರು ಆಕಳಲ್ಲಿ ಎರಡು ಕಂದು ಹಾಕಿದ್ದವು. ಮೂರನೆಯದು ಕಪ್ಪು-ಬಿಳುಪಿನ ಗೌರಿ. ನಾನೇ ದವಾಖಾನೆಯಿಂದ ಬೀಜ ತಂದು ಕೃತಕ ಗರ್ಭಧಾರಣೆ ಮಾಡಿ ಗಬ್ಬ ಕಟ್ಟಿಸಿದ್ದೆ. ಮೂರರ ರಕ್ತವನ್ನೂ ಪರೀಕ್ಷೆ ಮಾಡಿಸಿದಾಗ ಗೌರಿ ಒಬ್ಬಳೇ ರೋಗವಿಲ್ಲದೆ ಪಾರಾಗಿದ್ದಳು.

"ಇದೊಂದರ ಕರಾನಾದ್ರೂ ಉಳಿಸಿಕೊಡ್ರಿ ಮೇಡಮ್ಮರ," ಅಂದಳು ಹಾಲಕ್ಕ. "ಎರಡು ಕರಾ ಮಣ್ಣಿಗೆ ಹಾಕಿ ಬಂದೀನಿ. ಮೂರನೇದಕ್ಕ ನನ್ನ ಕೈಲಿ ಆಗಂಗಿಲ್ಲ."

ನಾನು ಬಾಯಿ ಜೋರಿನ ಹೆಂಗಸು. ಆದರೂ ಆವತ್ತು ಮೆಲ್ಲಗೆ "ಉಳಿಸೋಣ ತಗೋ" ಅಂತ ಮಾತು ಕೊಟ್ಟುಬಿಟ್ಟೆ.

೧. ಬೇರೆ ಕಟ್ಟಿದ್ದು

"ಗೌರಿನ್ನ ಆ ಎರಡರ ಜೊತಿ ಕಟ್ಟಬ್ಯಾಡ. ಜಾಗಾ ಬ್ಯಾರೆ, ಬಕೆಟ್ ಬ್ಯಾರೆ, ಮೇವು ಬ್ಯಾರೆ," ಅಂತ ಬೆರಳು ಮಡಚಿ ಹೇಳಿ ಬಂದಿದ್ದೆ. ಮುಂದಿನ ವಾರ ಹೋದರೆ ಗೌರಿ ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ನಿಂತು ಟೀವಿ ನೋಡುತ್ತಿದ್ದಳು. ಪಡಸಾಲೆಯಲ್ಲಿ ಯಾವಾಗಲೂ ಕಾಣುವ ಹಾಲಕ್ಕನ ಮಾವ ಮಾತ್ರ ಕಾಣಲಿಲ್ಲ.

"ಮುದುಕಪ್ಪ ಎಲ್ಲಿ?" ಅಂತ ಕೇಳಿದೆ.

"ಅಲ್ಲದಾರ್ರಿ," ಅಂತ ಕೊಟ್ಟಿಗೆ ತೋರಿಸಿದಳು. ರೋಗದ ಎರಡು ಆಕಳ ನಡುವೆ ಹೊರಸು ಮಂಚ ಹಾಕಿಕೊಂಡು ಮಾವ ಆರಾಮಾಗಿ ಬೀಡಿ ಸೇದುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು.

"ಬುದ್ಧಿ ಐತೇನವ್ವ ನಿನಗ? ರೋಗ ಇರೋ ಜಾಗದಾಗ ಮನುಷ್ಯಾನ್ನ ಮಲಗಿಸ್ತಾರೇನು?"

ಹಾಲಕ್ಕ ನನ್ನನ್ನೇ ಪೆದ್ದಿಯ ಹಾಗೆ ನೋಡಿದಳು. "ಅವರಿಗೇನು ಗಬ್ಬ ಹೋಗೋ ಭಯ ಐತೇನ್ರಿ?"

ಮನುಷ್ಯರಿಗೂ ಜ್ವರ ಬರುತ್ತದೆ ಅಂತ ಒದರಾಡಿ, ಮಾವನನ್ನು ಎದ್ದು ಬರಲು ಹೇಳಿದೆ. ಅವರು ಹೊರಸು ಬಿಟ್ಟು ಅಲ್ಲಾಡಲಿಲ್ಲ.

"ನನಗ ಇಲ್ಲೇ ಚಲೋ ಐತವ್ವ," ಅಂದರು. "ಇವೆರಡೂ ಎದುರು ಮಾತಾಡಂಗಿಲ್ಲ."

೨. ಬಾವು

ಕಡೆಗೆ ಮಾವ ಪಡಸಾಲೆಗೆ ಮರಳಿದರು, ಗೌರಿಗೆ ಹಿತ್ತಲಲ್ಲಿ ತಗಡಿನ ಚಪ್ಪರ ಎದ್ದಿತು. ಒಂದೇ ಮನೆಗೆ ಹೇಳಿದರೆ ಸಾಲದು ಅಂತ ಗುಡಿ ಕಟ್ಟೆಯ ಮೇಲೆ ಊರವರ ಸಭೆ ಕರೆದೆ. ಅಧ್ಯಕ್ಷತೆ ನಿವೃತ್ತ ಹೆಡ್ ಮೇಷ್ಟ್ರದು. ಗುಡಿ ಕಮಿಟಿಗೂ ಅವರೇ ಹಿರಿಯರು, ಊರಲ್ಲಿ ಅವರ ಮಾತೇ ಮಾತು.

ಬರಿಗೈಯಲ್ಲಿ ಸತ್ತ ಕರು ಎತ್ತಬೇಡಿ, ಸುಣ್ಣ ಹಾಕಿ ಆಳಕ್ಕೆ ಹೂಳಿ, ಹಸಿ ಹಾಲು ಕುಡಿಯಬೇಡಿ ಅಂದೆ. ಗಂಡಸರು ಮೊಬೈಲು ನೋಡುತ್ತಿದ್ದರು. ಬಿಟ್ಟು ಬಿಟ್ಟು ಜ್ವರ ಬರುತ್ತದೆ, ಕೀಲು ನೋಯುತ್ತವೆ ಅಂದೆ.

"ಗದ್ದ್ಯಾಗ ದುಡಿಯೋರಿಗೆ ಕೀಲುನೋವು ಇದ್ದದ್ದ ಬಿಡ್ರಿ," ಅಂತ ಒಬ್ಬ ಆಕಳಿಸಿದ.

ಅಷ್ಟೇ ಸಾಕಾಯಿತು ನನಗೆ. "ಕೇಳ್ರಿ ಇಲ್ಲಿ! ಗಂಡಸರಿಗೆ ವೃಷಣ ಬಾಯ್ತಾವು. ಮಕ್ಕಳಾಗೋದೂ ಕಷ್ಟ ಆಗಬಹುದು," ಅಂತ ಮೈಕಿನಲ್ಲೇ ಅಂದುಬಿಟ್ಟೆ.

ಮೊಬೈಲುಗಳೆಲ್ಲ ಒಮ್ಮೆಗೇ ಜೇಬಿಗಿಳಿದವು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಕಂಬದ ಹಿಂದಿನಿಂದ ಒಂದು ಸಣ್ಣ ದನಿ ಕೇಳಿತು: "ಎಷ್ಟು ದಪ್ಪ ಬಾಯ್ತಾವ್ರಿ?"

ಸಭೆ ಮುಗಿಯುವಷ್ಟರಲ್ಲಿ ನಾನು ತಂದಿದ್ದ ಕೈಗವಸು ಅಷ್ಟೂ ಖಾಲಿ. ಮರುದಿನ ಹೋದಾಗ ಹೆಡ್ ಮೇಷ್ಟ್ರು ಹೋಟೆಲಿನ ಮುಂದೆ ಎರಡೂ ಕೈಗೆ ಗವಸು ಹಾಕಿಕೊಂಡು ಚಾ ಕುಡಿಯುತ್ತಿದ್ದರು.

"ಸರ್, ಚಾ ಕುದಿಸಿರತಾರ. ಅದಕ್ಕ ಗವಸು ಬ್ಯಾಡ," ಅಂದೆ.

ಮೇಷ್ಟ್ರು ಅತ್ತಿತ್ತ ನೋಡಿ ದನಿ ಇಳಿಸಿದರು. "ಇರಲಿ ಮೇಡಂ. ಕುದಿಸ್ಯಾನೋ ಇಲ್ಲೋ, ಬಾತ ಮ್ಯಾಲ ಯಾರನ್ನ ಕೇಳೋದು?"

೩. ಗಂಡುಕರು

ನಡುವೆ ಕುರುಗೋಡಿನ ಕಡೆ ಲಸಿಕೆ ಕೆಲಸಕ್ಕೆ ಹಾಕಿದರು. ಈ ರೋಗದ ಲಸಿಕೆ ಎಳೆಯ ಹೆಣ್ಣುಕರುಗಳಿಗೆ ಮಾತ್ರ. ಮೆಣಸಿನಕಾಯಿ ಬೆಳೆಯುವ ರೈತನೊಬ್ಬ ಗಂಡುಕರುವನ್ನು ಎಳೆದುಕೊಂಡು ಬಂದು ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತ.

"ಇದಕ್ಕ ಬರಂಗಿಲ್ಲಪ್ಪ. ಹೆಣ್ಣಿಗಷ್ಟ," ಅಂದೆ.

"ಯಾಕ್ರಿ?"

"ಮುಂದ ಹೊಟ್ಟ್ಯಾಗ ಕರಾ ಹೊರೋದು ಅದ ಅಲ್ಲೇನು?"

ಅವನು ಕರುವಿನ ಮುಖ ನೋಡಿದ, ಲಸಿಕೆಯ ಬೋರ್ಡು ನೋಡಿದ, ನನ್ನನ್ನು ನೋಡಿದ. "ಬರೇ ನೀರು ಹಾಕಿಯಾದ್ರೂ ಒಂದು ಚುಚ್ಚಿಬಿಡ್ರಿ ಮೇಡಮ್ಮರ," ಅಂದ. "ಮುಂಜಾನಿಂದ ಬಿಸಲಾಗ ನಿಂತೈತಿ. ಬರಿಗೈಲಿ ಮನಿಗೆ ಹೋದ್ರ ಅದಕ್ಕಾದ್ರೂ ಏನನಸಬ್ಯಾಡ?"

೪. ಬಸ್ಸಿನಲ್ಲಿ ಗೂಳಿ

ಹಾಲಕ್ಕನ ಊರಿನಲ್ಲಿ ಒಂದು ಗೂಳಿ ಇತ್ತು. ದೇವರಿಗೆ ಬಿಟ್ಟದ್ದು, ಕೆಂಪು ಬಣ್ಣ, ಹೆಸರು ಗೂಳಪ್ಪ. ಯಾರ ಹೊಲಕ್ಕೆ ನುಗ್ಗಿದರೂ ಹೊಡೆಯುವವರಿಲ್ಲ, ಯಾರ ಆಕಳ ಹಿಂದೆ ಹೋದರೂ ಕೇಳುವವರಿಲ್ಲ. ರೋಗ ಹಬ್ಬಿಸುತ್ತಿರುವವನು ಇವನೇ ಅಂತ ನನಗೆ ಅನುಮಾನ. ಹೆಡ್ ಮೇಷ್ಟ್ರು ಬಾಳೆಹಣ್ಣು ತಿನ್ನಿಸುತ್ತಾ ನಿಂತರು, ನಾನು ಅವನ ಕುತ್ತಿಗೆಯಿಂದ ರಕ್ತ ತೆಗೆದೆ.

ಸ್ಯಾಂಪಲ್ಲನ್ನು ಮಂಜುಗಡ್ಡೆಯ ಥರ್ಮಾಕೋಲ್ ಡಬ್ಬಿಯಲ್ಲಿಟ್ಟುಕೊಂಡು ಬಳ್ಳಾರಿ ಬಸ್ಸು ಹತ್ತಿದೆ. ಕಾಲಿಡಲು ಜಾಗವಿಲ್ಲ.

"ಡಬ್ಬ್ಯಾಗ ಏನೈತ್ರಿ?" ಅಂದ ಕಂಡಕ್ಟರ್.

"ರಕ್ತ."

ಪಕ್ಕದಲ್ಲಿ ನಿಂತಿದ್ದಾಕೆ "ಅಮ್ಮೋ!" ಅಂತ ತೆಲುಗಿನಲ್ಲಿ ಏನೇನೋ ಅಂದುಕೊಳ್ಳುತ್ತಾ ಹಿಂದೆ ಸರಿದಳು. ಮುಂದಿನ ಸೀಟಿನವರು ಇಬ್ಬರೂ ಎದ್ದರು. ನಾನು ಕಿಟಕಿ ಪಕ್ಕಕ್ಕೆ ಕೂತೆ.

"ಯಾರದ್ರಿ?" ಅಂದ ಕಂಡಕ್ಟರ್.

"ಗೂಳಿದು."

ಅವನು ನನಗೊಂದು ಹೆಂಗಸರ ಫ್ರೀ ಟಿಕೆಟ್ ಹರಿದುಕೊಟ್ಟು, ಡಬ್ಬಿಯನ್ನೇ ದಿಟ್ಟಿಸಿದ. "ನಿಮ್ಮದೇನೋ ಆತು. ಗೂಳಿ ಗಂಡಸಲ್ಲೇನ್ರಿ? ಅದಕ್ಕ ಫ್ರೀ ಕೊಡಾಕ ಬರಂಗಿಲ್ಲ."

೫. ಗೂಳಪ್ಪನಿಗೆ ಸನ್ಮಾನ

ನನ್ನ ಅನುಮಾನವೇ ನಿಜವಾಯಿತು. ಗೂಳಪ್ಪನಿಗೂ ರೋಗವಿತ್ತು. ಇನ್ನು ಅವನು ಊರು ತಿರುಗುವಂತಿಲ್ಲ, ಬೇಲಿಯೊಳಗೆ ಇರಬೇಕು ಅಂತ ಗುಡಿ ಕಮಿಟಿಗೆ ಹೇಳಿದೆ.

ಹೆಡ್ ಮೇಷ್ಟ್ರು ಕೆಂಡವಾದರು. "ದೇವರಿಗೆ ಬಿಟ್ಟ ಜೀವಾನ ಕಟ್ಟಿ ಹಾಕಬೇಕೇನ್ರಿ? ಏನು ತಪ್ಪು ಮಾಡ್ಯಾನ ಅವನು?"

ನಾನು ಬ್ಯಾಕ್ಟೀರಿಯಾದ ಚಿತ್ರ ತೋರಿಸಿದೆ. ಅವರು ನೋಡಲಿಲ್ಲ. ರಿಪೋರ್ಟ್ ಓದಿದೆ, ಕೇಳಲಿಲ್ಲ. ಅತ್ತ ಗೂಳಪ್ಪ ದಿನಾ ಹಾಲಕ್ಕನ ಹಿತ್ತಲಿಗೆ ಹೋಗಿ ಗೌರಿಯ ಬಕೆಟ್ಟಿಗೆ ಬಾಯಿ ಹಾಕುತ್ತಿದ್ದ, ಹಾಲಕ್ಕ ದಿನಾ ಕೋಲು ಹಿಡಿದು ಕಾಯುತ್ತಿದ್ದಳು. ಗೌರಿಗೆ ಆಗಲೇ ಎಂಟು ತಿಂಗಳು. ಮಾತು ಕೊಟ್ಟು ಕೆಟ್ಟೆನಲ್ಲ ಅಂತ ನನಗೆ ಊಟ ಸೇರುತ್ತಿರಲಿಲ್ಲ.

ಕಡೆಗೆ ಹಾಲಕ್ಕನೇ ಕಟ್ಟೆಗೆ ಬಂದು ನಿಂತಳು. "ಸರ್, ನಿಮಗ ಅರವತ್ತಾದಾಗ ಸಾಲಿ ಬಿಡಿಸಿದ್ರಲ್ಲ, ನೀವೇನು ತಪ್ಪು ಮಾಡಿದ್ರಿ?"

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ತಪ್ಪು ಮಾಡಿದ್ದಿಲ್ಲ. ವಯಸ್ಸಾಗಿತ್ತು."

"ಮತ್ತ ಇವಗ?"

ಮೇಷ್ಟ್ರು ಮತ್ತೆ ಕನ್ನಡಕ ತೆಗೆದರು. ಆಮೇಲೆ ಮೆಲ್ಲಗೆ, "ಮಾಡೂದಾದ್ರ ಸರಿಯಾಗಿ ಮಾಡೋಣ. ನನ್ನ ಬೀಳ್ಕೊಡುಗಿಗೆ ಶಾಲು ತರೋದ ಮರತಿದ್ರು," ಅಂದರು.

ಹೀಗೆ ಗೂಳಪ್ಪನಿಗೆ ವಯೋನಿವೃತ್ತಿ ಸಮಾರಂಭ ಗೊತ್ತಾಯಿತು. ಗುಡಿ ಹಿಂದೆ ಅವನಿಗಾಗಿ ಭದ್ರವಾದ ಬೇಲಿ, ನೆರಳು, ನೀರಿನ ತೊಟ್ಟಿ ಎಲ್ಲ ಸಿದ್ಧವಾದವು; ಅಂದಿನಿಂದ ಅವನು ಅಲ್ಲೇ ಉಳಿದ. ನಾನಾ ಏರ್ಪಾಡುಗಳಾಗಿ ಸಮಾರಂಭದ ದಿನ ಬರುವಷ್ಟರಲ್ಲಿ ಗೌರಿಗೂ ದಿನ ತುಂಬಿತ್ತು. ಶಾಮಿಯಾನ, ಮೈಕು, ಸನ್ಮಾನಪತ್ರ ಎಲ್ಲ ಇದ್ದವು. ನಾನು ಮುಖ್ಯ ಅತಿಥಿ. ಬೇಲಿಯಾಚೆ ಗೂಳಪ್ಪ ಚೆಂಡುಹೂವಿನ ಹಾರ ಹಾಕಿಸಿಕೊಂಡು, ಜರಿ ಶಾಲು ಹೊದ್ದು ನಿಂತಿದ್ದ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಗೂಳಪ್ಪನವರು ತಮ್ಮ ಸೇವಾವಧಿಯಲ್ಲಿ ಒಂದು ದಿನವೂ ರಜೆ ಹಾಕಲಿಲ್ಲ. ವರ್ಗಾವಣೆ ಕೇಳಲಿಲ್ಲ. ಬಡವರು, ಶ್ರೀಮಂತರು ಎಂದು ನೋಡಲಿಲ್ಲ. ಕರೆಯದಿದ್ದರೂ ಮನೆಮನೆಗೆ ಹೋಗಿ ಸೇವೆ ಸಲ್ಲಿಸಿದರು."

ಹೆಂಗಸರ ಸಾಲಿನಲ್ಲಿ ಸೆರಗುಗಳೆಲ್ಲ ಬಾಯಿಗೆ ಹೋದವು. ನಾನು ಉಳಿದ ಹಲ್ಲನ್ನೂ ಕಚ್ಚಿಕೊಂಡೆ. ಗೂಳಪ್ಪ ಹಾರವನ್ನು ತಿಂದು ಮುಗಿಸಿ ಶಾಲಿನ ಅಂಚಿಗೆ ಬಂದಿದ್ದ.

ಅಷ್ಟರಲ್ಲಿ ಹಾಲಕ್ಕ ಓಡಿಬಂದಳು. "ಮೇಡಮ್ಮರ, ಗೌರಿಗೆ ಬ್ಯಾನಿ ಸುರು ಆಗೈತಿ!"

ಮುಖ್ಯ ಅತಿಥಿ ಹಾರ ಕಿತ್ತೊಗೆದು ಓಡಿದಳು. ಏಪ್ರನ್ನು, ಗವಸು ಹಾಕಿಕೊಂಡೆ, ಹಾಲಕ್ಕನಿಗೂ ಹಾಕಿಸಿದೆ. ಮೊದಲು ಎರಡು ಪುಟ್ಟ ಗೊರಸು ಕಂಡವು, ಆಮೇಲೆ ಮೂತಿ. ಅಷ್ಟಕ್ಕೇ ಗೌರಿ ಸುಸ್ತಾಗಿ ತಿಣುಕುವುದನ್ನೇ ನಿಲ್ಲಿಸಿಬಿಟ್ಟಳು. ಹಾಲಕ್ಕ ಉಸಿರೇ ಆಡಲಿಲ್ಲ, ನಾನೂ ಆಡಲಿಲ್ಲ. ಗೌರಿ ಮತ್ತೊಮ್ಮೆ ತಿಣುಕಿದಳು, ನಾನು ಎಳೆದೆ, ಕರು ಹುಲ್ಲಿನ ಮೇಲೆ ಜಾರಿತು. ಸೀನಿತು. ಕಿವಿ ಒದರಿತು.

ದಿನ ತುಂಬಿದ ಹೆಣ್ಣುಕರು. ಅವ್ವನ ಹಾಗೇ ಕಪ್ಪು-ಬಿಳುಪು. ಹಾಲಕ್ಕ ಅಲ್ಲೇ ಕೂತು ಜೋರಾಗಿ ಅತ್ತಳು. ನನಗೂ ಕಣ್ಣು ತುಂಬಿದವು. ಕೈ ಹೊಲಸಾಗಿದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

ಸುದ್ದಿ ನಮಗಿಂತ ಮುಂಚೆ ಶಾಮಿಯಾನ ಮುಟ್ಟಿತ್ತು. ಮೈಕಿನಲ್ಲಿ ಮೇಷ್ಟ್ರ ದನಿ ಊರಿಗೆಲ್ಲ ಕೇಳಿಸಿತು: "ಈಗಷ್ಟೇ ಬಂದ ಸಂತೋಷದ ವಾರ್ತೆ! ನಿವೃತ್ತಿಯ ದಿನವೂ ಗೂಳಪ್ಪನವರು ಊರಿಗೆ ಒಂದು ಹೆಣ್ಣುಕರುವನ್ನು ದಯಪಾಲಿಸಿದ್ದಾರೆ!" ಚಪ್ಪಾಳೆ ಬಿತ್ತು. ಯಾರೋ ಶಿಳ್ಳೆ ಹೊಡೆದರು.

ನನಗೆ ತಡೆಯಲಿಲ್ಲ. ಆ ಕರುವಿನ ಅಪ್ಪ ಯಾವ ಊರಲ್ಲಿದ್ದಾನೋ ನಾನೇ ಕಂಡಿಲ್ಲ. ಅವನ ಬೀಜ ನಮ್ಮ ದವಾಖಾನೆಯ ಡಬ್ಬಿಯಿಂದ ಬಂದದ್ದು. ಗೂಳಪ್ಪ ಗೌರಿಯ ಬಕೆಟ್ಟಿನ ನೀರು ಕುಡಿದದ್ದು ಬಿಟ್ಟರೆ ಬೇರೇನೂ ಮಾಡಿಲ್ಲ. ಇದನ್ನು ಮೈಕಿನಲ್ಲೇ ಹೇಳಿಬಿಡೋಣ ಅಂತ ಗವಸು ಕಿತ್ತು ಹೊರಟೆ.

ಹಾಲಕ್ಕ ಅಳುತ್ತಲೇ ನನ್ನ ಏಪ್ರನ್ ಹಿಡಿದು ಜಗ್ಗಿದಳು.

"ಸುಮ್ಮನಿರ್ರಿ ಮೇಡಮ್ಮರ. ರಿಟೈರಾಗೋ ದಿವಸ ಅಂಥಾ ಮಾತು ಆಡಬಾರ್ದು."